ಹವಳದ ದಿಬ್ಬದ ಆಚೆಯೇ ನಿಲ್ಲಲಿ

ಹಡಗಿನ ಕಪ್ತಾನರಾದ ಮಾನ್ಯ ಇಯೋಟೆಬಾ ಅವರ ಸನ್ನಿಧಿಗೆ,

ಈ ದ್ವೀಪದ ಹಿರಿಯನಾದ ತೆಕಿನೈತಿ ರೇಡಿಯೋ ಮೂಲಕ ಓದಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ನಮ್ಮ ದ್ವೀಪಕ್ಕೆ ಮೊದಲ ಬಾರಿಗೆ ಸೀತಾಳೆ ಸಿಡುಬು ಬಂದಿದೆ. ಮಕ್ಕಳು ಮೈತುಂಬ ಗುಳ್ಳೆಯಿದ್ದರೂ ಆಡಿಕೊಂಡೇ ಗುಣವಾದರು. ನನ್ನ ಹೆಂಡತಿ ರೋಟಿಯಾ, "ಮಕ್ಕಳ ಕಾಯಿಲೆ ಕಣಯ್ಯಾ, ಈ ಮುದುಕೀನ ಅದೇನ್ ಮಾಡತ್ತೆ?" ಎಂದು ನಕ್ಕು ಮೊಮ್ಮಗನನ್ನು ಮಡಿಲಲ್ಲೇ ಮಲಗಿಸಿಕೊಂಡಳು. ರೋಗ ಅವಳ ಶ್ವಾಸಕೋಶಕ್ಕಿಳಿಯಿತು. ನಿನ್ನೆ ತೀರಿಕೊಂಡಳು.

ತಾಯಿಯ ಮಣ್ಣಿಗೆಂದು ತಮ್ಮ ಹಡಗಿನಲ್ಲಿ ಬರುತ್ತಿರುವ ನಮ್ಮ ಮಗಳು ತಿಯಾರಿಟೆ ಗರ್ಭಿಣಿ. ಆಕೆಗೂ ಈ ರೋಗ ಎಂದೂ ಬಂದಿಲ್ಲ. ಬಸುರಿಗೆ ಅಪಾಯ ಇನ್ನೂ ಹೆಚ್ಚೆಂದು ನರ್ಸಮ್ಮ ಹೇಳಿದ್ದಾರೆ. ಆದಕಾರಣ ಆಕೆಯನ್ನು ದಡಕ್ಕೆ ಇಳಿಸಕೂಡದೆಂದು ಪ್ರಾರ್ಥಿಸುತ್ತೇನೆ.

"ಅಮ್ಮನ ಮುಖ ನೋಡೋಕೂ ಬಿಡಲ್ವಾ?" ಎಂದು ಜಗಳ ತೆಗೆಯುತ್ತಾಳೆ, ಬಾಯಿ ತಾಯಿಯದೇ. ಅಪ್ಪಣೆ ಅಪ್ಪನದೆಂದು ಹೇಳಿರಿ. ಬೈಗುಳ ನನಗೇ ಸಲ್ಲಲಿ.

ಹಡಗನ್ನು ಹವಳದ ದಿಬ್ಬದ ಆಚೆ ಸ್ವಲ್ಪ ಹೊತ್ತು ನಿಲ್ಲಿಸಬೇಕು. ರೋಟಿಯಾಳನ್ನು ಅವಳೇ ಹೆಣೆದ ಚಾಪೆಯ ಮೇಲೆ ನೀರಿನ ಅಂಚಿನವರೆಗೆ ಹೊತ್ತು ತಂದು, ಮುಖದ ಬಟ್ಟೆ ಸರಿಸುತ್ತೇವೆ.

ಆಗ ತಮ್ಮ ದುರ್ಬೀನನ್ನು ದಯಮಾಡಿ ಮಗಳ ಕೈಗೆ ಕೊಡಿ.

ದಡದಲ್ಲಿ ತಮ್ಮ ಹಾದಿ ಕಾಯುವ,
ತೆಕಿನೈತಿ