ಒಂಬತ್ತು ಡಿಗ್ರಿಯ ತಗಡು

ಮನೆಯಿಂದ, ಏಪ್ರಿಲ್ ೯, ಸಂಜೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಗಂಟಲು ನೋವು ಹೋಯಿತೇ? ಪಾಠ ಮಾಡುವಾಗ ಕೂಗಾಡಬೇಡ ಎಂದರೆ ಕೇಳುವವಳಲ್ಲ ನೀನು. ನನ್ನದೇ ಗಂಟಲು ತಾನೇ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ನೀನು ಕಳಿಸಿದ ಇನ್‌ಫ್ರಾರೆಡ್ ಥರ್ಮಾಮೀಟರ್ ಬಂದಾಗಿನಿಂದ ನನಗೆ ಹುಚ್ಚು ಹಿಡಿದಿದೆ. ಮುಟ್ಟದೆಯೇ ಬಿಸಿ ಹೇಳುವ ಆ ಪಿಸ್ತೂಲನ್ನು ಕಂಡಕಂಡದ್ದಕ್ಕೆಲ್ಲ ಹಿಡಿಯುತ್ತೇನೆ. ಮಧ್ಯಾಹ್ನದ ಟಾರು ರಸ್ತೆ ಐವತ್ತೆಂಟು, ಪಕ್ಕದ ಮರದ ನೆರಳಿನ ಮಣ್ಣು ಮೂವತ್ತೊಂದು. ಮೋಡವಿಲ್ಲದ ಆಕಾಶ ಸೊನ್ನೆಗಿಂತ ಹತ್ತು ಕೆಳಗೆ. ಬೆವರು ಒರೆಸಿಕೊಳ್ಳುತ್ತಾ ಅದನ್ನು ಎರಡು ಸಲ ಓದಿದೆ. ಇಷ್ಟು ವರ್ಷ ಬಟ್ಟೆ ಅಳೆದವಳು ಈಗ ಆಕಾಶ ಅಳೆಯಲು ಹೊರಟಿದ್ದಾಳೆ ಎಂದು ಹೊಲಿಗೆಯವರೆಲ್ಲ ನಕ್ಕರು.

ಇನ್ನು ನಮ್ಮ ಹೊಲಿಗೆ ಶೆಡ್ಡಿನ ಸುದ್ದಿ. ಮಾಲೀಕರು ಹೊಸ ತಗಡು ಹೊದಿಸಿದ್ದಾರೆ, ಮುಖ ನೋಡಿಕೊಳ್ಳುವಷ್ಟು ಹೊಳಪು. ಸೆಕೆ ತಡೆಯಲಾಗುತ್ತಿಲ್ಲ, ಕೆಳಗೊಂದು ಒಳಚಾವಣಿ ಹಾಕಿಸಿಕೊಡಿ ಎಂದು ಹೆಂಗಸರು ಕೇಳಿದರು. ಮೇಲ್ವಿಚಾರಕಿಯೆಂಬ ನನ್ನ ಜಂಭ ನೋಡು, ಪಕ್ಕದ ಕಟ್ಟಡದ ಮಹಡಿ ಹತ್ತಿ ತಗಡಿಗೆ ಥರ್ಮಾಮೀಟರ್ ಹಿಡಿದೆ. ಒಂಬತ್ತು ಡಿಗ್ರಿ. ಚೀಟಿಯಲ್ಲಿ ಬರೆದು ಸಹಿ ಹಾಕಿ ಮಾಲೀಕರಿಗೆ ಕೊಟ್ಟೆ. ಗುಂಡಿಗೆ ಕಾಜಾ ಹೊಲಿಯುವವಳು, "ಅಕ್ಕಾ, ತಲೆ ಮೇಲೆ ಕೆಂಡ ಇಟ್ಟಂಗಿದೆ" ಅಂದಾಗ, "ಯಂತ್ರಕ್ಕಿಂತ ನಿಂಗೆ ಜಾಸ್ತಿ ಗೊತ್ತಾ?" ಅಂದುಬಿಟ್ಟೆ. ಮೊನ್ನೆ ಮಧ್ಯಾಹ್ನ ಅವಳು ಮಷೀನಿನ ಮೇಲೆಯೇ ತಲೆ ತಿರುಗಿ ಬಿದ್ದಳು. ಈಗ ಮನೆಯಲ್ಲಿ ಮಲಗಿದ್ದಾಳೆ.

ಅವತ್ತು ಸಂಜೆ, ಡಬ್ಬಿಯಲ್ಲಿ ನೀನಿಟ್ಟಿದ್ದ ಹಾಳೆಯನ್ನು ಕೊನೆಗೂ ಓದಿದೆ. ಹೊಳೆಯುವ ಲೋಹಕ್ಕೆ ಕಪ್ಪು ಟೇಪು ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಟೇಪಿನ ಮೇಲೆ ಅಳೆಯಬೇಕು ಎಂದು ಕೆಂಪು ಗೆರೆ ಎಳೆದು ಬರೆದಿದ್ದೀಯ. ನಿನ್ನೆ ಮಧ್ಯಾಹ್ನ ಏಣಿ ಹಾಕಿಸಿ ಹಾಗೇ ಮಾಡಿದೆ. ಅರವತ್ತಮೂರು. ಮೊದಲು ನಾನು ಅಳೆದದ್ದರಲ್ಲಿ ತಗಡಿಗಿಂತ, ಕನ್ನಡಿಯಂತೆ ಅದು ತೋರಿಸಿದ ತಣ್ಣನೆಯ ಆಕಾಶವೇ ಹೆಚ್ಚು. ಕಾಜಾದವಳ ಮುಖ ನೆನೆದರೆ ನಾಚಿಕೆಯಾಗುತ್ತದೆ, ಮಗಳೇ. ಅವಳ ಕುರ್ಚಿಯಲ್ಲಿ ಹತ್ತು ನಿಮಿಷ ಕೂತಿದ್ದರೂ ನನಗೆ ಗೊತ್ತಾಗುತ್ತಿತ್ತು.

ಅಳಿಯನಿಗೆ ನನ್ನ ನೆನಪು ತಿಳಿಸು. ಹೊತ್ತಿಗೆ ಸರಿಯಾಗಿ ಉಂಡು, ಜಗಳವಾಡಿದರೂ ಬೇಗ ರಾಜಿಯಾಗಿ, ಇಬ್ಬರೂ ಸುಖವಾಗಿರಿ.

ನಿನ್ನ ಅಮ್ಮ

ತಾ.ಕ.: ಮಾಲೀಕರಿಗೆ ಇವತ್ತೇ ಹೇಳಿದೆ. "ಒಂಬತ್ತೇ ಇರಲಿ ಬಿಡಿ. ನಿಮ್ಗೆ ಕೆಲಸ ಬೇಕೋ ಬೇಡ್ವೋ?" ಅಂದರು. ಒಳಚಾವಣಿ ಕೇಳಿದವರಿಗೆಲ್ಲ ನನ್ನ ಚೀಟಿಯನ್ನೇ ತೋರಿಸುತ್ತಿದ್ದಾರೆ. ಇದನ್ನು ಅಂಚೆಗೆ ಹಾಕಿ ನೇರ ಕಾಜಾದವಳ ಮನೆಗೆ ಹೋಗುತ್ತೇನೆ. ಹೊಸ ಚೀಟಿಯಲ್ಲಿ ಅರವತ್ತಮೂರು ಎಂದು ಬರೆದು ಸಹಿ ಹಾಕಿದ್ದೇನೆ. ಮೊದಲು ಅವಳ ಕೈಗೆ ಕೊಡುತ್ತೇನೆ, ಯಾರಿಗೆ ಬೇಕಾದರೂ ತೋರಿಸಲಿ. ನಾಳೆಯಿಂದ ನನಗೆ ಕೆಲಸ ಇರದಿದ್ದರೆ ಬಯ್ಯಬೇಡ.