ಕತ್ತರಿ ತಾಕದ ಕಾರ್ಡು

ಅಪ್ಪ,

ನೀನು ರೀನೋದ ಮನೆಯಲ್ಲಿ ಬಿಟ್ಟುಹೋದ, ನಾಣ್ಯ ಹಾಕಿ ಜೂಜಾಡುವ ಸ್ಲಾಟ್ ಮಷೀನು ಇವತ್ತು ಸರಿಯಾಯಿತು. ಮೂರು ಪ್ಲಮ್ ಹಣ್ಣಿನ ಚಿತ್ರ ಸಾಲಾಗಿ ನಿಂತರೂ ನಾಣ್ಯ ಬೀಳುತ್ತಿರಲಿಲ್ಲ. ನಾನು ಒಳಗೆಲ್ಲ ಎಣ್ಣೆ ಬಿಟ್ಟಿದ್ದೆ. ಕ್ಯಾಸಿನೋದಲ್ಲಿ ನಿನ್ನ ಜೊತೆ ರಿಪೇರಿ ಮಾಡುತ್ತಿದ್ದ ಆರ್ಲಿಸ್ ಬಂದು, ಮಷೀನಿನ ಬಾಗಿಲು ತೆಗೆದವನೇ ತಲೆ ಚಚ್ಚಿಕೊಂಡ.

“ಅರವತ್ತೇಳನೇ ಇಸವಿ ಮಷೀನು ಕಣಮ್ಮ ಡೊರೀನ್! ಕರೆಂಟ್ ಹರಿಯೋ ಜಾಗಕ್ಕೆ ಎಣ್ಣೆ ಹಾಕ್ತಾರಾ? ಇದೇನು ಕೋಳಿ ಹುರಿಯೋ ಬಾಣಲೆನಾ? ನಿಮ್ಮಪ್ಪ ಇದ್ದಿದ್ರೆ ನಿನ್ನನ್ನ ಮನೆಯಿಂದ ಆಚೆ ಹಾಕ್ತಿದ್ದ!”

ಆಚೆ ಹಾಕುವ ಆ ಕೆಲಸವನ್ನು ನೀನು ಎಂದೋ ಮಾಡಿ ಮುಗಿಸಿದ್ದೆ.

“ದಪ್ಪ ಕಾಗದದ ಪಟ್ಟಿ ಕೊಡು. ಕರೆಂಟ್ ಹರಿಯೋ ಈ ತಗಡುಗಳ ಮಧ್ಯೆ ಎಳೆದು ಒರೆಸ್ಬೇಕು, ಅಷ್ಟೇ.”

ಮಷೀನಿನ ತಳದಲ್ಲಿ ನಿನ್ನ ಡಬ್ಬಿ ಸಿಕ್ಕಿತು. ಡಾಕ್ಟರ ಕಾರ್ಡು, ಪಾದ್ರಿಯ ಕಾರ್ಡು, ಅಮ್ಮನ ಕ್ರಿಸ್‌ಮಸ್ ಕಾರ್ಡು, ಎಲ್ಲವನ್ನೂ ನೀನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಕಪ್ಪಾಗುವವರೆಗೆ ಬಳಸಿದ್ದೆ. ಅಡಿಯಲ್ಲಿ ಒಂದು ಮಾತ್ರ ಇಡಿಯಾಗಿತ್ತು. ನನ್ನ ಮದುವೆಗೆ ಬರುವೆಯೋ ಇಲ್ಲವೋ ತಿಳಿಸಲು, ನಾನೇ ಸ್ಟ್ಯಾಂಪು ಹಚ್ಚಿ ಕಳಿಸಿದ್ದ ಉತ್ತರದ ಕಾರ್ಡು. ‘ಬರುತ್ತೇನೆ’ ಎಂಬಲ್ಲಿ ಪೆನ್ಸಿಲಿನ ಗುರುತಿತ್ತು. ಅಂಚೆಗೆ ಮಾತ್ರ ನೀನು ಹಾಕಿರಲಿಲ್ಲ.

“ಅದು ಒಳ್ಳೇ ದಪ್ಪಗಿದೆ, ಕೊಡಿಲ್ಲಿ,” ಎಂದು ಆರ್ಲಿಸ್ ಕತ್ತರಿ ಎತ್ತಿಕೊಂಡ.

ನಾನು ನನ್ನ ಅಂಗಡಿಯ ವಿಸಿಟಿಂಗ್ ಕಾರ್ಡು ಕೊಟ್ಟೆ.

ಅದರ ಪಟ್ಟಿಯಿಂದ ಒರೆಸಿ ಹಿಡಿ ಎಳೆದಾಗ ನಾಣ್ಯಗಳು ಗಲಗಲ ಬಿದ್ದವು. ಆರ್ಲಿಸ್ ಚಪ್ಪಾಳೆ ತಟ್ಟಿದ. ನಾನು ಡಬ್ಬಿಯನ್ನು ಕೆಳಗಿಡಲೇ ಇಲ್ಲ.

ಡೊರೀನ್