ಲಿಯೊಂತೆಯ ಆಂಪ್ಲಿಫೈಯರ್ ಯಾರ ಕೈಗೆ

ಕೊರಾಬಿಯಾ
ಫೆಬ್ರವರಿ ೧೮, ೨೦೦೭, ಭಾನುವಾರ

ಪ್ರೀತಿಯ ಮಗಳು ಸಾವೀನಾಗೆ,

ಹೇಗಿದ್ದೀಯ ತಾಯಿ? ಕೆಮ್ಮು ಇಳಿಯಿತೇ? ಇಟಲಿಯ ಚಳಿ ನಮ್ಮ ಚಳಿಯಂತಲ್ಲ, ಕಳ್ಳನ ಹಾಗೆ ಸದ್ದಿಲ್ಲದೆ ಒಳಗೆ ಬರುತ್ತದೆ ಎಂದು ಅಲ್ಲಿಗೂ ಇಲ್ಲಿಗೂ ಮಿನಿಬಸ್ಸು ಓಡಿಸುವ ನೀಕು ಹೇಳುತ್ತಾನೆ. ನನ್ನ ಮೊಮ್ಮಗಳು ಇಲಿಂಕಾಳ ಹಾಲುಹಲ್ಲು ಬಿದ್ದಿತಂತೆ. ಅದನ್ನು ಕಾಗೆಗೆ ಎಸೆದಳೋ ಇಲ್ಲವೋ? ಅಲ್ಲಿ ಕಾಗೆ ಇಲ್ಲದಿದ್ದರೆ ಇಲ್ಲಿಗೆ ಕಳಿಸು, ನಮ್ಮ ಕಾಗೆಗಳು ಬೇಕಾದಷ್ಟಿವೆ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮಳೆ ಬರುವ ಹಿಂದಿನ ದಿನವೇ ನನಗೆ ಸುದ್ದಿ ಕೊಡುತ್ತದೆ. ನಾಳೆಯಿಂದ ದೊಡ್ಡ ಉಪವಾಸ ಶುರು, ಇವತ್ತು ಚೀಸು ಮೊಟ್ಟೆಗಳನ್ನೆಲ್ಲ ತಿಂದು ಮುಗಿಸಿ, ಹೊಟ್ಟೆ ಭಾರ ಮಾಡಿಕೊಂಡು ಬರೆಯಲು ಕೂತಿದ್ದೇನೆ. ಬದನೆ ಮೆಣಸಿನ ಗೊಜ್ಜಿನ ಎರಡು ಭರಣಿಯನ್ನು ನೀಕು ಕೈಯಲ್ಲಿ ಕಳಿಸುತ್ತಿದ್ದೇನೆ. ಒಂದೇ ತಲುಪಿದರೆ ಇನ್ನೊಂದು ಎಲ್ಲಿ ಹೋಯಿತೆಂದು ಅವನ ಮೀಸೆ ನೋಡಿದರೆ ಗೊತ್ತಾಗುತ್ತದೆ.

ಮಾರ್ಚ್ ಹತ್ತರ ಶನಿವಾರ ನಮ್ಮ ಲಿಯೊಂತೆ ಹೋಗಿ ಎರಡು ವರ್ಷ, ಅವನ ಹೆಸರಿನಲ್ಲಿ ಊಟ ಹಾಕಿ ದಾನ ಕೊಡುವ ಪೊಮಾನಾ. ದೋಣಿ ಮಗುಚಿದ್ದು ನಿನ್ನೆಯೋ ಮೊನ್ನೆಯೋ ಅನ್ನಿಸುತ್ತದೆ. ಹೋದ ವರ್ಷ ಬಟ್ಟೆ ಕೊಟ್ಟೆವಲ್ಲ, ಸೋದರಳಿಯ ದೀನು ಅವನ ಕಂದು ಕೋಟು ಹಾಕಿಕೊಂಡು ಊಟಕ್ಕೆ ಕೂತಿದ್ದ. ಹಿಂದಿನಿಂದ ನೋಡಿ ನಾನು ಸಾರಿನ ಸೌಟು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ, ನೀನೇ ಬಂದು ಸೌಟು ತೆಗೆದುಕೊಂಡೆ. ಈ ವರ್ಷ ಏನು ಕೊಡಲಿ ಎಂದು ಚಳಿ ಶುರುವಾಗುವಾಗಲೇ ಯೋಚಿಸಿದೆ. ಅವನಿಗೆ ಬಟ್ಟೆಯ ಮೇಲೆ ಎಂದಾದರೂ ಆಸೆ ಇತ್ತೇ? ಹರಿದ ಸ್ವೆಟರಿನಲ್ಲೇ ನಿನ್ನನ್ನು ಮದುವೆಯಾಗಲು ಹೊರಟಿದ್ದವನು. ಅವನ ಜೀವವೆಲ್ಲ ಇದ್ದದ್ದು ಆ ಆಂಪ್ಲಿಫೈಯರಿನಲ್ಲಿ. ಸಿನಿಮಾ ಮಂದಿರ ಮುಚ್ಚಿದಾಗ ಗುಜರಿಗೆ ಹೋಗುತ್ತಿದ್ದದ್ದನ್ನು ತಳ್ಳುಗಾಡಿಯಲ್ಲಿ ಮನೆಗೆ ತಂದು, ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ನಮ್ಮಿಬ್ಬರನ್ನೂ ಒಲೆಯ ಪಕ್ಕ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುವ ಹಾಗೆ ಮಾಡಿದ್ದನಲ್ಲ. ಅರ್ಧ ಕೆಲಸ ಮಾಡಿ ಹೋದ. ನೀನು ಹೊರಡುವ ಮುಂಚೆ ಅದರ ಮೇಲೆ ಮೇಜುಬಟ್ಟೆ ಹೊದಿಸಿ ಹೋದೆ. ಬೈಯಬೇಡ, ಆ ಬಟ್ಟೆ ತೆಗೆದಿದ್ದೇನೆ.

ಕೊಡುವ ವಸ್ತು ಮುರಿದಿರಬಾರದು, ಅದು ನಿನಗೂ ಗೊತ್ತು. ಇಲ್ಲಿ ಒಡಕು ಮಡಕೆ ಕೊಟ್ಟರೆ ಅಲ್ಲಿ ಸತ್ತವರ ನೀರೂ ಸೋರುತ್ತದೆ. ಅದಕ್ಕೇ ಪೆಟ್ರಾಕೆಯನ್ನು ಕರೆಸಿದೆ. ಸಿನಿಮಾ ಮಂದಿರದಲ್ಲಿ ರೀಲು ಓಡಿಸುತ್ತಿದ್ದನಲ್ಲ, ಅವನೇ. ಎಪ್ಪತ್ತು ದಾಟಿದೆ, ಆದರೆ ಆ ಪೆಟ್ಟಿಗೆಯನ್ನು ನೋಡಿದ ತಕ್ಷಣ ಹಳೇ ಸಂಬಂಧಿಕನನ್ನು ಕಂಡ ಹಾಗೆ ಟೋಪಿ ತೆಗೆದ. ಅವನ ಕೈ ನಡುಗುತ್ತದೆ, ನನ್ನ ಕಣ್ಣು ಮಂಜು. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಮನುಷ್ಯ ಆಗುತ್ತೇವೆ ಎಂದು ಶುರುಮಾಡಿದೆವು. ಅವನು ನೋಡಿ ಹೇಳುವುದು, ನಾನು ಬೆಸುಗೆ ಹಾಕುವುದು. ನಗಬೇಡ. ದ್ರಾಕ್ಷಿಬಳ್ಳಿಗೆ ಕಸಿ ಕಟ್ಟಿದ ಕೈ ನನ್ನದು, ಬೇಗ ಕಲಿತೆ. ಎಡಗೈಯನ್ನು ಯಾವಾಗಲೂ ಏಪ್ರನ್ನಿನ ಜೇಬಿನಲ್ಲೇ ಇಟ್ಟಿರಬೇಕು ಎಂಬುದು ಅವನ ಮೊದಲ ಪಾಠ. ಒಂದೇ ಕೈ ತಾಗಿಸಿದರೆ ಕರೆಂಟು ಬೆರಳಿಗೆ ಹೊಡೆದೀತು, ಎರಡೂ ಕೈ ತಾಗಿಸಿದರೆ ಎದೆಯ ಮೂಲಕ ಹೋಗುತ್ತದಂತೆ. ಪ್ಲಗ್ ತೆಗೆದಿಟ್ಟರೂ ದೊಡ್ಡ ಕಂಡೆನ್ಸರುಗಳು ಒಳಗೊಳಗೇ ಕರೆಂಟು ಹಿಡಿದುಕೊಂಡಿರುತ್ತವೆ, ಅದನ್ನು ಮೊದಲು ಇಳಿಸಿ ಆಮೇಲೆ ಕೈ ಹಾಕಬೇಕು. ನಮ್ಮ ಹುಡುಗ ಹಳೆಯ, ಉಬ್ಬಿ ಸೋರಿದ ಕಂಡೆನ್ಸರುಗಳನ್ನೆಲ್ಲ ಕಿತ್ತಿಟ್ಟಿದ್ದ. ಯಾವ ತಂತಿ ಎಲ್ಲಿಗೆ ಸೇರಬೇಕೆಂದು ಮರೆಯದಿರಲು ನನ್ನ ಮಗ್ಗದ ಬುಟ್ಟಿಯಿಂದ ನೂಲು ಕದ್ದು ಕಟ್ಟಿದ್ದ. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು. ಆ ವರ್ಷ ಕಂಬಳಿಗೆ ಹಸಿರು ನೂಲು ಸಾಲದೆ ಹೋಯಿತೆಂದು ಬೆಕ್ಕನ್ನು ಬೈದಿದ್ದೆ.

ಜನವರಿ ಆರಕ್ಕೆ ಪಾದ್ರಿಗಳು ತೀರ್ಥ ಹಾಕಲು ಮನೆಮನೆಗೆ ಬರುತ್ತಾರಲ್ಲ, ನಮ್ಮಲ್ಲಿಗೂ ಬಂದರು. ಮೇಜಿನ ಮೇಲಿರುವುದು ಏನೆಂದು ಕೇಳಿದರು. ಪೊಮಾನಾಕ್ಕೆ ಎಂದೆ. ಹುಬ್ಬೇರಿಸಿದರು, ಅಂಗಿ ಚೆಂಬು ಕೊಡುವುದು ಸರಿ, ಕರೆಂಟಿನ ಪೆಟ್ಟಿಗೆ ಎಲ್ಲಾದರೂ ಉಂಟೇ ಎಂದರು. "ಇಲ್ಲಿ ಕೊಟ್ಟಿದ್ದು ಅಲ್ಲಿ ಸಿಗುತ್ತೆ ಅಂತ ನೀವೇ ತಾನೇ ಸ್ವಾಮಿ ಹೇಳೋದು. ಅಂಗಿ ಹೋಗೋ ದಾರೀಲಿ ಹಾಡು ಹೋಗಲ್ವಾ?" ಎಂದೆ. ಅವರು ನಕ್ಕು, ಹಾಗಾದರೆ ಇದಕ್ಕೂ ಒಂದು ಆಶೀರ್ವಾದ ಇರಲಿ ಎಂದು ತುಳಸಿಯ ಕಟ್ಟನ್ನು ಬಕೆಟ್ಟಿನಲ್ಲಿ ಅದ್ದಿ ಬಿಚ್ಚಿಟ್ಟ ಆಂಪ್ಲಿಫೈಯರಿನ ಮೇಲೆ ಧಾರಾಳವಾಗಿ ಚಿಮುಕಿಸಿಬಿಟ್ಟರು. ಪೆಟ್ರಾಕೆ ಎರಡೂ ಕೈ ಚಾಚಿ ಅದರ ಮೇಲೆ ಕವುಚಿ ಬಿದ್ದ, ಅರ್ಧ ತೀರ್ಥ ಅವನ ಬೋಳುತಲೆಗೆ ಬಿತ್ತು. ಪುಣ್ಯಕ್ಕೆ ಪ್ಲಗ್ ಹಾಕಿರಲಿಲ್ಲ. ವಾರವಿಡೀ ಅದನ್ನು ಒಲೆಯ ಪಕ್ಕ ಕೂಸಿನ ಹಾಗೆ ಒಣಗಿಸಿದೆವು.

ಕಂಡೆನ್ಸರುಗಳನ್ನು ಹಾಕಿ ಮುಗಿಸಿ, ವಾಲ್ವುಗಳನ್ನು ಒರೆಸಿ ಕೂರಿಸಿ, ಕರೆಂಟು ಬರುವ ತಂತಿಯ ನಡುವೆ ಒಂದು ಬಲ್ಬು ಸೇರಿಸಿ ಮೊದಲ ಸಲ ಪ್ಲಗ್ ಹಾಕಿದೆವು. ಬಲ್ಬು ಧಗ್ಗೆಂದು ಉರಿದರೆ ಒಳಗೆ ತಪ್ಪಿದೆ, ಮಂಕಾದರೆ ಸರಿಯಿದೆ. ಒಮ್ಮೆ ಬೆಳಗಿ ಮಂಕಾಯಿತು. ವಾಲ್ವುಗಳು ಒಂದೊಂದಾಗಿ ಕೆಂಡದ ಹಾಗೆ ಕೆಂಪಾದವು. ಆದರೆ ಹಾಡು ಹಾಕಿದರೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ, ಚಟಪಟ. ಪೆಟ್ರಾಕೆ ಮರದ ಕಡ್ಡಿಯಿಂದ ತಟ್ಟುತ್ತಾ ಹೋದ. ಒಂದು ಕಡೆ ತಟ್ಟಿದಾಗ ಜೋರಾಯಿತು. ಕೈ ಹಿಂದೆ ತೆಗೆದು ಅವನು ನನ್ನ ಮುಖ ನೋಡಿದ. ಅದು ನಾನು ಹಾಕಿದ ಬೆಸುಗೆ ಅಲ್ಲ, ಲಿಯೊಂತೆಯದು. ದೊಡ್ಡ ಹನಿಯ ಹಾಗೆ ಹಾಕುತ್ತಿದ್ದನಲ್ಲ, ನೋಡಿದರೇ ಗೊತ್ತಾಗುತ್ತದೆ.

ಬೇಡ ಎಂದೆ. ಸದ್ದು ಇದ್ದರೆ ಇರಲಿ, ಅವನ ಕೈ ಉಳಿದಿರುವುದು ಅಷ್ಟರಲ್ಲೇ, ಅದನ್ನು ಕರಗಿಸಬೇಡ ಎಂದೆ. ಪೆಟ್ರಾಕೆ ಟೋಪಿ ಹಾಕಿಕೊಂಡು ಮನೆಗೆ ಹೋದ. ಎರಡು ದಿನ ಬರಲಿಲ್ಲ. ಮೂರನೇ ದಿನ ಬಂದು ಬಾಗಿಲಲ್ಲೇ ನಿಂತು ಹೇಳಿದ: "ನೋಡು ತಂಗಿ, ಆ ಬೆಸುಗೆ ಹೊರಗೆ ಹಿಡಿದ ಹಾಗೆ ಕಾಣುತ್ತೆ, ಒಳಗೆ ಹಿಡಿದಿಲ್ಲ. ನೀನು ಹಾಗೇ ಕೊಟ್ಟರೆ ಅವನು ಅಲ್ಲಿ ಕೂತು ಇದೇ ಚಟಪಟ ಕೇಳಬೇಕು. ಆಮೇಲೆ ನನ್ನನ್ನೇ ಬೈತಾನೆ, ನಾನು ಬೇಗ ಅಲ್ಲಿಗೆ ಹೋಗೋನು." ನನಗೆ ನಗು ಬಂತು. ಎಡಗೈ ಜೇಬಿನಲ್ಲಿಟ್ಟುಕೊಂಡು ಬೆಸುಗೆ ಕಡ್ಡಿ ಹಿಡಿದೆ. ನನ್ನ ಮಗನ ಹನಿ ಒಂದು ಕ್ಷಣ ಕನ್ನಡಿಯ ಹಾಗೆ ಹೊಳೆದು ಕರಗಿತು. ಹೊಸ ಸೀಸ ಕೊಟ್ಟೆ. ತಣ್ಣಗಾದ ಮೇಲೆ ಪೆಟ್ರಾಕೆ ಮರದ ಕಡ್ಡಿಯಿಂದ ತಟ್ಟಿ ನೋಡಿದ.

ಆಮೇಲೆ ಹಾಡು ಬಂತು ಸಾವೀನಾ, ತಿಳಿನೀರಿನ ಹಾಗೆ. ಕೊಡಬೇಕಾದದ್ದನ್ನು ಕೊಡುವವರೇ ಅನುಭವಿಸಬಾರದು ಎಂದು ಒಂದೇ ಹಾಡು ಕೇಳಿ ಆರಿಸಿಬಿಟ್ಟೆ.

ಈಗ ಉಳಿದಿರುವ ಚಿಂತೆ, ಇದನ್ನು ಯಾರ ಕೈಗೆ ಕೊಡುವುದು? ಸರಿಸುಮಾರು ಅವನ ವಯಸ್ಸಿನವನಾಗಿರಬೇಕು, ಕೊಂಡುಹೋಗಿ ದಿನಾ ಹಾಡು ಹಾಕುವವನಾಗಿರಬೇಕು, ಮೂಲೆಗೆ ಎಸೆದರೆ ಅಲ್ಲಿ ಅವನದ್ದೂ ಮೂಲೆಗೆ ಬಿದ್ದ ಹಾಗೆ. ದೀನುಗೆ ಹೇಳಿದೆ. ಕೋಟಾದರೆ ಸರಿ ಅತ್ತೆ, ಸತ್ತವರ ಕರೆಂಟು ಅಂದರೆ ನನಗೆ ಹೆದರಿಕೆ ಎಂದ. ಮದುವೆಗಳಲ್ಲಿ ಬಾರಿಸುವ ಹುಡುಗನೊಬ್ಬ ಕೇಳಿದ, ಆದರೆ ಅವನ ಕಣ್ಣು ಆಗಲೇ ಬೆಲೆ ಕಟ್ಟುತ್ತಿತ್ತು. ಪೆಟ್ರಾಕೆಗೆ ಕೊಡೋಣವೆಂದರೆ ಒಲ್ಲೆ ಎನ್ನುತ್ತಾನೆ. ಮೋಂಬತ್ತಿ ಹಚ್ಚಿ ಕೈಗಿಟ್ಟಾಗ "ಬೊಗ್ದಪ್ರೊಸ್ತೆ, ದೇವರು ಅವನನ್ನು ಕ್ಷಮಿಸಲಿ" ಎಂದು ಮನಸಾರೆ ಹೇಳಿ ತೆಗೆದುಕೊಳ್ಳುವ ಒಬ್ಬ ಗಂಡಸು ಈ ಊರಿನಲ್ಲಿ ನನಗೆ ಸಿಕ್ಕಲಿಲ್ಲ.

ಕ್ರಿಸ್ಮಸ್ಸಿಗೆ ಬಸ್ಸಿನಲ್ಲಿ ಜಾಗ ಇರಲಿಲ್ಲ ಎಂದು ನೀನು ಹೇಳಿದೆ, ಸರಿ. ಪೊಮಾನಾಕ್ಕೆ ಬಾ. ಗೋಧಿಯ ಕೊಲಿವಾ ನಾನು ಬೇಯಿಸುತ್ತೇನೆ, ಅದರ ಮೇಲೆ ಸಕ್ಕರೆಯ ಶಿಲುಬೆ ಬಿಡಿಸಲು ಇಲಿಂಕಾ ಬೇಕು. ದೇವರು ನಿಮ್ಮಿಬ್ಬರನ್ನೂ ಕಾಯಲಿ, ನಿನ್ನ ಕೈಗೆ ಬಲ ಕೊಡಲಿ, ಮಗುವಿನ ಹೊಸ ಹಲ್ಲು ನೆಟ್ಟಗೆ ಬರಲಿ.

ನಿನ್ನ ಅಮ್ಮನೆಂದೇ ತಿಳಿ,
ಜೊಯಿತ್ಸಾ

ಮ.ಬ.: ನೀಕು ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಲ್ಲಿ ಟೈಲ್ಸ್ ಕೆಲಸ ಮಾಡುವ ಸಿಲ್ವಿಯು ಎಂಬವನು ತನಗೆ ಸೈಕಲ್ ಕಲಿಸಿದನೆಂದು ಇಲಿಂಕಾ ಹೊಸವರ್ಷಕ್ಕೆ ಫೋನಿನಲ್ಲಿ ಹೇಳಿದಳು. ರಾತ್ರಿ ಊಟಕ್ಕೂ ಇರುತ್ತಾನಂತೆ, ನೀನು ಈಗ ನಗುತ್ತೀಯಂತೆ. ಮಗುವನ್ನು ಬೈಯಬೇಡ. ನನಗೆ ಮುಖ ತೋರಿಸುವುದು ಹೇಗೆಂದು ಊರಿಗೆ ಬರದೆ ಕೂರಬೇಡ. ಕೇಳಿದ ಮೊದಲ ವಾರ ನಾನು ಅತ್ತಿದ್ದು ನಿಜ, ಸುಳ್ಳು ಹೇಳುವುದಿಲ್ಲ. ಆಮೇಲೆ ಸರಿಹೋಯಿತು. ಸಿಲ್ವಿಯುಗೆ ಮೂವತ್ತಾರೆಂದು ನೀಕು ಹೇಳಿದ, ಲಿಯೊಂತೆ ಇದ್ದಿದ್ದರೆ ಅವನಿಗೂ ಅಷ್ಟೇ. ಸಿಲ್ವಿಯುವನ್ನು ಕರೆದುಕೊಂಡು ಬಾ. ಮೋಂಬತ್ತಿ ನೀನು ಹಚ್ಚು, ಆಂಪ್ಲಿಫೈಯರ್ ಅವನು ತೆಗೆದುಕೊಳ್ಳಲಿ, ನಿಮ್ಮ ಮನೆಯಲ್ಲಿ ದಿನಾ ಹಾಡಲಿ. ತುಂಬಾ ಭಾರ ಇದೆ, ಒಬ್ಬನೇ ಎತ್ತಲು ಹೋಗಬೇಡ ಎಂದು ಅವನಿಗೆ ಮೊದಲೇ ಹೇಳಿರು. ಒಂದು ಕಡೆ ನಾನು ಹಿಡಿಯುತ್ತೇನೆ.